ಪಾರಿಜಾತದ ಹಾರ್ಮೋನಿಯಂ: ಬೆರಳ ನಡೆಯ ಆಯ್ಕೆ

ಅಥಣಿ ತಾಲೂಕಿನ ಸತ್ತಿಯನ್ನೊಳಗೊಂಡ ಬೆಳಗಾವಿ ಸೀಮೆಯು ಶ್ರೀಕೃಷ್ಣ ಪಾರಿಜಾತ ಬಯಲಾಟದ ನೆಲೆ. ಇದರ ಹಿಮ್ಮೇಳದಲ್ಲಿ ಹಾರ್ಮೋನಿಯಂ ಪ್ರಮುಖವಾದುದು. ಪಿಟೀಲಿನ ತಂತಿಗಳನ್ನು ಹಾಡುಗಾರನ ಷಡ್ಜಕ್ಕೆ ಶ್ರುತಿಗೊಳಿಸಿದರೆ ಬೆರಳ ಕ್ರಮ ಬದಲಾಗದು. ಹಾರ್ಮೋನಿಯಂನಲ್ಲಿ ಷಡ್ಜ ಬದಲಾದರೆ ಮನೆಗಳೇ ಬದಲಾಗುತ್ತವೆ. ಭೂಪ ರಾಗದ ಐದೂ ಸ್ವರಗಳು ಬಿಳಿ ಒಂದರಲ್ಲಿ ಬಿಳಿ ಮನೆಗಳಲ್ಲಿಯೂ ಕರಿ ಮೂರರಲ್ಲಿ ಕರಿ ಮನೆಗಳಲ್ಲಿಯೂ ಬರುತ್ತವೆ; ಕರಿ ಒಂದರಲ್ಲಿ ಗಾಂಧಾರ ಮಾತ್ರ ಬಿಳಿ. ಅಲ್ಲಿ ಷಡ್ಜಕ್ಕೆ ತೋರುಬೆರಳು, ರಿಷಭಕ್ಕೆ ನಡುಬೆರಳು ಇಟ್ಟು, ಹೆಬ್ಬೆರಳನ್ನು ಅವುಗಳ ಅಡಿಯಿಂದ ಗಾಂಧಾರಕ್ಕೆ ಸರಿಸಿದರೆ ಪಂಚಮ, ಧೈವತಗಳಿಗೆ ಅದೇ ಎರಡು ಬೆರಳುಗಳು ಒದಗುತ್ತವೆ. ವೇಗದ ತಾನ ಕಡಿಯುವುದಿಲ್ಲ. ಕರಿ ಮೂರರಲ್ಲಿ ಗಿಡ್ಡ ಹೆಬ್ಬೆರಳಿಗೆ ಬಿಳಿ ಮನೆಯೇ ಸಿಗದು. ಆದ್ದರಿಂದ ರಾಗದೊಂದಿಗೆ ಪಾತ್ರಧಾರಿಯ ಕಂಠವನ್ನೂ ಅರಿಯದೆ ಬೆರಳ ನಡೆ ನಿಶ್ಚಯವಾಗದು. ಹಾಡುಗಳ ಪಠ್ಯವನ್ನಷ್ಟೇ ಸಂಗ್ರಹಿಸಿದರೆ ಈ ಕೈವಿದ್ಯೆ ದಾಖಲೆಯಿಂದ ಹೊರಗೇ ಉಳಿಯುತ್ತದೆ.