ಹಳೆ ಮನೆಯ ಹೊರಮೈ: ಮಲೆನಾಡಿನ ಕೆಲವು ತಪ್ಪು ತಿಳಿವಳಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮನೆ ರಿಪೇರಿಗೆ ಒಂದು ಕಾಲವಿದೆ. ಅಡಿಕೆ ಮಾರಿ ಕೈಗೆ ದುಡ್ಡು ಬಂದ ಮೇಲೆ, ಮುಂಗಾರು ಹಿಡಿಯುವುದಕ್ಕೆ ಮುಂಚೆ. ಆ ಕೆಲವು ವಾರಗಳಲ್ಲಿ ಹೆಂಚು ಕೆಳಗಿಳಿಯುತ್ತದೆ, ಗೋಡೆ ಕೆರೆಯುತ್ತಾರೆ, ಅಂಗಳದಲ್ಲಿ ಜಲ್ಲಿ, ಮರಳು ಬೀಳುತ್ತದೆ. ಮಳೆಗಾಲ ಕಳೆದು ಆ ದಾರಿಯಲ್ಲಿ ಹೋದರೆ ಕೆಲವು ಮನೆಗಳ ಗುರುತೇ ಹತ್ತುವುದಿಲ್ಲ. ಮನೆಯವರಿಗೆ ಹಿರಿಯರು ಕಟ್ಟಿದ್ದರ ಮೇಲೆ ಪ್ರೀತಿ ಇಲ್ಲವೆಂದು ಹೀಗಾಗುವುದಿಲ್ಲ. ಮೇಸ್ತ್ರಿ ಹೇಳಿದ್ದು, ಪಕ್ಕದ ಮನೆಯವರು ಮಾಡಿಸಿದ್ದು, ಕಾನೂನಿನ ಬಗ್ಗೆ ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಅಂದದ್ದು ಸೇರಿಕೊಂಡು ಕೆಲವು ಮಾತುಗಳು ನಿಜವೆಂದೇ ನಿಂತುಬಿಟ್ಟಿವೆ. ಹೆಚ್ಚು ಹಾನಿ ಮಾಡುತ್ತಿರುವ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

“ಕೋಟೆ ಹತ್ತಿರದ ಮನೆ, ರಿಪೇರಿಗೂ ಬಿಡಲ್ಲ”

ಹೊಸನಗರ ತಾಲ್ಲೂಕಿನ ನಗರದಲ್ಲಿರುವ ಶಿವಪ್ಪನಾಯಕನ ಕೋಟೆ, ಸಾಗರ ತಾಲ್ಲೂಕಿನ ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿಯ ರಾಮೇಶ್ವರ ಮತ್ತು ವೀರಭದ್ರ ದೇವಾಲಯಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇವುಗಳಿಗೆ ಅನ್ವಯಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗೋಪುರದ ಬುಡದಿಂದಲೋ ಕೋಟೆ ಬಾಗಿಲಿನಿಂದಲೋ ಎಂದು ಬಹಳ ಜನ ತಿಳಿದಿದ್ದಾರೆ. ಅದು ಶುರುವಾಗುವುದು ಸಂರಕ್ಷಿತ ಜಾಗದ ಎಲ್ಲೆಯಿಂದ. ನಗರದಂಥ ಕೋಟೆಯ ಊರಿನಲ್ಲಿ ಈ ವ್ಯತ್ಯಾಸದಿಂದಲೇ ಒಂದು ಮನೆ ಒಳಗೆ ಬರಬಹುದು, ಇನ್ನೊಂದು ಹೊರಗುಳಿಯಬಹುದು.

ನಿಷೇಧಿತ ಎಂಬ ಹೆಸರು ಕೇಳಿದೊಡನೆ ಜನ ಕೈಚೆಲ್ಲುತ್ತಾರೆ. ಆದರೆ ಆ ನೂರು ಮೀಟರಿನೊಳಗೂ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯನ್ನು ದುರಸ್ತಿ ಮಾಡಲು, ನವೀಕರಿಸಲು ಅನುಮತಿ ಕೇಳುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ಅರ್ಜಿ ಸಕ್ಷಮ ಪ್ರಾಧಿಕಾರಕ್ಕೆ ಹೋಗಬೇಕು. ಅವರು ಅದನ್ನು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಂದ ಎರಡು ತಿಂಗಳೊಳಗೆ ಅಭಿಪ್ರಾಯ ಬರಬೇಕು, ಆಮೇಲೆ ಒಂದು ತಿಂಗಳೊಳಗೆ ತೀರ್ಮಾನ ಆಗಬೇಕು. ಕಾಯ್ದೆಯ ಲೆಕ್ಕದಲ್ಲೇ ಸುಮಾರು ಮೂರೂವರೆ ತಿಂಗಳಾಯಿತು. ಏಪ್ರಿಲ್‌ನಲ್ಲಿ ಹೆಂಚು ಇಳಿಸಬೇಕೆಂದಿದ್ದವರು ನವೆಂಬರ್‌ನಲ್ಲೇ ಅರ್ಜಿ ಹಾಕಿರಬೇಕು. ಮೇ ತಿಂಗಳಲ್ಲಿ ಓಡಾಡಿ, ಆಗಲಿಲ್ಲವೆಂದು ಮನೆಯನ್ನು ಸೋರಲು ಬಿಡುವುದು, ಇಲ್ಲವೇ ರಾತ್ರೋರಾತ್ರಿ ಕಂಬ ಎಬ್ಬಿಸುವುದು, ಎರಡೂ ನಷ್ಟವೇ. ಅನುಮತಿಯಿಲ್ಲದೆ ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ದುರಸ್ತಿ ಎಂದರೆ ಇದ್ದ ಮನೆಯಲ್ಲಿ ಮಾಡುವ ಮಾರ್ಪಾಡು ಎಂದೇ ಕಾಯ್ದೆ ಹೇಳುತ್ತದೆ. ಹಳೆಯದನ್ನು ಕೆಡವಿ ಎರಡಂತಸ್ತು ಏರಿಸುವುದು ಅದರಲ್ಲಿ ಸೇರುವುದಿಲ್ಲ. ಅರ್ಜಿ ತಿರಸ್ಕಾರವಾಯಿತು ಎಂದು ಬೇಸರಪಡುವವರು ತಾವು ಕೇಳಿದ್ದು ಯಾವುದನ್ನು ಎಂದು ಒಮ್ಮೆ ನೋಡಿಕೊಳ್ಳಬೇಕು.

“ಹಾಗಾದರೆ ನಮ್ಮೂರಿನ ಹಳೆ ಮನೆಗಳಿಗೆ ಸರ್ಕಾರದ ರಕ್ಷಣೆ ಇದೆ”

ಇಲ್ಲ. ಅಮೆರಿಕದ ಚಾರ್ಲ್ಸ್‌ಟನ್ ಪಟ್ಟಣ 1931ರಲ್ಲೇ ತನ್ನ ಹಳೆ ಬಡಾವಣೆಯನ್ನು ಪಾರಂಪರಿಕ ಪ್ರದೇಶವೆಂದು ಗುರುತಿಸಿ, ಅಲ್ಲಿನ ಖಾಸಗಿ ಮನೆಗಳ ಹೊರನೋಟ ಬದಲಿಸುವುದಕ್ಕೂ ಒಂದು ಮಂಡಳಿಯ ಒಪ್ಪಿಗೆ ಬೇಕೆಂದು ನಿಯಮ ಮಾಡಿತು. ನಮ್ಮ ಕೇಂದ್ರ ಕಾಯ್ದೆ ನೋಡುವುದು ಸ್ಮಾರಕವನ್ನು ಮತ್ತು ಅದರ ಸುತ್ತಲಿನ ಮುನ್ನೂರು ಮೀಟರನ್ನು. ತೋಟದ ತಲೆಯ ಮೇಲೆ, ಕಾನಿನ ಅಂಚಿನಲ್ಲಿ ಒಂಟಿಯಾಗಿ ನಿಂತ ತೊಟ್ಟಿಮನೆ ಅದರ ಕಣ್ಣಿಗೆ ಬೀಳುವುದಿಲ್ಲ. ಅಂಥ ಮನೆಯ ಜಗಲಿ ಉಳಿಯಬೇಕೋ ಬೇಡವೋ ಎಂಬುದನ್ನು ಮನೆಯವರು, ಮೇಸ್ತ್ರಿ, ಆಚಾರಿ ಸೇರಿ ತೀರ್ಮಾನಿಸುತ್ತಾರೆ. ಹಾಗಾಗಿ ಇನ್ನುಮುಂದಿನ ಮಾತೆಲ್ಲ ಆ ಮೂವರಿಗೆ.

“ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಗಟ್ಟಿಯಾಗುತ್ತದೆ”

ಮಲೆನಾಡಿನ ಹಳೆ ಮನೆಗಳಿಗೆ ಇಷ್ಟು ಕೇಡು ಮಾಡಿದ ನಂಬಿಕೆ ಇನ್ನೊಂದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್ ಅದಕ್ಕೆ ಹೆಗಲೆಣೆ. ಇಂಥ ಕಡೆ ಮಣ್ಣಿನ ಗೋಡೆ ಒಣಗಿಯೇ ಇರುವುದು ಸಾಧ್ಯವಿಲ್ಲ. ಬುಡದಿಂದ ನೆಲದ ತೇವ ಏರುತ್ತದೆ, ಗಾಳಿ ಹೊಡೆತಕ್ಕೆ ಎರಚಲು ಬಡಿಯುತ್ತದೆ. ಹಿಂದಿನವರು ತೇವವನ್ನು ಪೂರ್ತಿ ತಡೆಯಲು ಹೊರಡಲಿಲ್ಲ. ಬಂದದ್ದು ಹೊರಗೆ ಹೋಗಲು ದಾರಿ ಇಟ್ಟರು. ಮಣ್ಣಿನ ಮೇಲೆ ಸಣ್ಣ ಮಣ್ಣಿನ ಗಾರೆ ಅಥವಾ ಸುಣ್ಣದ ಗಾರೆ, ಅದರ ಮೇಲೆ ಸುಣ್ಣ ಅಥವಾ ಕೆಮ್ಮಣ್ಣು. ಈ ಪದರಗಳಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಮಳೆ ಬಿಟ್ಟ ಮೇಲೆ ಗೋಡೆಯೊಳಗಿನ ನೀರು ಅವುಗಳ ಮೂಲಕ ಆವಿಯಾಗಿ ಹೋಗುತ್ತದೆ.

ಸಿಮೆಂಟಿನ ಗಾರೆ ಗಡುಸು. ಮಣ್ಣಿನ ಗೋಡೆ ತೇವಕ್ಕೆ ಉಬ್ಬಿ ಬಿಸಿಲಿಗೆ ಕುಗ್ಗುವಾಗ ಅದು ಜೊತೆಗೆ ಹೋಗಲಾರದೆ ಕೂದಲೆಳೆಯಷ್ಟು ಸೀಳುತ್ತದೆ. ಸೀಳಿನಿಂದ ನೀರು ಒಳಗೆ ಇಳಿಯುತ್ತದೆ, ಹೊರಬರಲು ಮಾತ್ರ ಜಾಗವಿಲ್ಲ. ಒದ್ದೆ ಬಟ್ಟೆಯ ಮೇಲೆ ರೈನ್‌ಕೋಟ್ ಹಾಕಿಕೊಂಡು ಕೂತಂತೆ. ನಾಲ್ಕಾರು ಮಳೆಗಾಲ ಹೊರಗಿನಿಂದ ಗೋಡೆ ಚೆಂದವಾಗಿಯೇ ಕಾಣುತ್ತದೆ. ಒಳಗೆ ಬುಡದ ಮಣ್ಣು ಮೆತ್ತಗಾಗುತ್ತಿರುತ್ತದೆ, ತೇವ ಹುಡುಕುವ ಗೆದ್ದಲು ಬಾಗಿಲ ಚೌಕಟ್ಟಿಗೆ ಏರುತ್ತಿರುತ್ತದೆ. ಅನುಮಾನವಿದ್ದರೆ ಬೆರಳಗಂಟಿನಿಂದ ಗೋಡೆಯನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಗಾರೆ ಗೋಡೆಯನ್ನು ಬಿಟ್ಟಿದೆ. ಅಂಥ ಜಾಗದಲ್ಲಿ ಸಿಮೆಂಟನ್ನು ಎಬ್ಬಿಸಿ, ಗೋಡೆ ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಕೊಡಬೇಕು. ಮೇಲಿಂದ ಮೇಲೆ ತೇಪೆ ಹಾಕಿದರೆ ನೀರನ್ನು ಇನ್ನಷ್ಟು ಕೂಡಿಹಾಕಿದಂತೆ.

ಜಂಬಿಟ್ಟಿಗೆಯ ಗೋಡೆಗೂ ಈ ಮಾತು ಹೊಂದುತ್ತದೆ. 1801ರಲ್ಲಿ ನಗರ, ಇಕ್ಕೇರಿ ಸೀಮೆಯಲ್ಲಿ ಓಡಾಡಿದ್ದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯನೇ 1807ರ ತನ್ನ ಪುಸ್ತಕದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು. ಮಲಬಾರಿನಲ್ಲಿ ಅದನ್ನು ನೋಡಿ, ನೆಲದಿಂದ ತೆಗೆಯುವಾಗ ಕಬ್ಬಿಣದ ಆಯುಧಕ್ಕೆ ಸುಲಭವಾಗಿ ಬಗ್ಗುವ ಕಲ್ಲು ಗಾಳಿಗೆ ಬಂದ ಮೇಲೆ ಇಟ್ಟಿಗೆಯಷ್ಟೇ ಗಟ್ಟಿಯಾಗುತ್ತದೆ ಎಂದು ಬರೆದ. ಗಾಳಿಯಲ್ಲಿ ಗಟ್ಟಿಯಾಗುವ ಕಲ್ಲನ್ನು ಸಿಮೆಂಟಿನಿಂದ ಮುಚ್ಚುವ ಅಗತ್ಯ ಬೀಳುವುದು ಅಪರೂಪ. ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಮೇಲೆ ಸೂರು ಚೆನ್ನಾಗಿದ್ದರೆ ಸಾಕು.

“ಮುಂದೊಂದು ಆರ್‌ಸಿಸಿ ಎಳೆದರೆ ಮನೆಗೆ ಕಳೆ”

ಹಿಂದೆ ಹೆಂಚಿನ ಮಾಡು, ಮುಂದೆ ಚಪ್ಪಟೆ ಸ್ಲ್ಯಾಬ್. ಈ ಮೂರು ತಾಲ್ಲೂಕುಗಳಲ್ಲಿ ಇಂಥ ಮನೆ ಎಷ್ಟೋ ಇವೆ. ಕಾರು ನಿಲ್ಲಿಸಲು, ಅಡಿಕೆ ಒಣಗಿಸಲು ಜಾಗ ಬೇಕು ಎಂಬುದು ನ್ಯಾಯವಾದ ಬೇಡಿಕೆ. ತೊಂದರೆ ಇರುವುದು ಎರಡೂ ಕೂಡುವ ಗೆರೆಯಲ್ಲಿ. ಹೆಂಚಿನ ಇಳಿಜಾರಿನ ನೀರೆಲ್ಲ ಬಂದು ಸ್ಲ್ಯಾಬಿನ ಮೇಲೆ ಬೀಳುತ್ತದೆ, ಅಲ್ಲಿ ನಿಲ್ಲುತ್ತದೆ, ಸಂದಿನಲ್ಲಿ ಜಗಲಿಯ ಗೋಡೆಗೆ ಇಳಿಯುತ್ತದೆ. ಹಳೆಯ ತೊಲೆಯ ತುದಿ ಕುಂಬಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ. ಸ್ಲ್ಯಾಬ್ ಕೂರಿಸಲೆಂದು ಸೂರನ್ನು ಕತ್ತರಿಸಿದ್ದರೆ ಅಕ್ಕಪಕ್ಕದ ಗೋಡೆಗೂ ಎರಚಲು. ಮಾಡು ಎರಡು ಮೂರು ಅಡಿ ಮುಂದೆ ಚಾಚಿದ್ದು ಗೋಡೆಯನ್ನು ಕಾಯಲು. ಕಾರಿಗೆ ಮನೆಯಿಂದ ಬಿಡಿಸಿ ಬೇರೆ ಚಪ್ಪರವೋ ಶೆಡ್ಡೋ ಹಾಕಿಕೊಂಡರೆ ಈ ಯಾವ ತಾಪತ್ರಯವೂ ಇಲ್ಲ.

ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗಲೂ ಇದೇ ಎಚ್ಚರಿಕೆ ಬೇಕು. ಹಾಸಿನಿಂದ ಅಂಗಳದ ಮಟ್ಟ ಏರಿದಷ್ಟೂ ಜಗಲಿ ತಗ್ಗಾಗುತ್ತದೆ. ಹಿಂದೆ ಕಲ್ಲಿನ ಪಂಚಾಂಗಕ್ಕೆ ಸಿಡಿಯುತ್ತಿದ್ದ ಹನಿ ಈಗ ಮಣ್ಣಿನ ಗೋಡೆಗೇ ಸಿಡಿಯುತ್ತದೆ.

“ತಗಡು ಹೊದಿಸಿದರೆ ತಲೆನೋವು ಮುಗಿಯಿತು”

ತಗಡು ಹೊದಿಸಿದವರನ್ನು ನಾನು ದೂರುವುದಿಲ್ಲ. ಮಂಗಗಳು ಹೆಂಚಿನ ಮೇಲೆ ಕುಣಿದು ಪ್ರತಿ ವಾರ ನಾಲ್ಕು ಒಡೆದರೆ, ಮಾಡು ಹತ್ತಿ ಕೈಯಾಡಿಸುವ ಆಳೂ ಸಿಗದಿದ್ದರೆ ಮನೆಯವರು ಇನ್ನೇನು ಮಾಡಬೇಕು? ಆದರೆ ಪಕಾಸಿಯ ಮೇಲೆ ನೇರ ತಗಡು ಬಡಿದರೆ ಬೇಸಿಗೆಯಲ್ಲಿ ಮನೆ ಕಾದು ಕುದಿಯುತ್ತದೆ. ತಂಪು ರಾತ್ರಿಗಳಲ್ಲಿ ತಗಡಿನ ಅಡಿಯಲ್ಲಿ ನೀರು ಬೆವೆತು ಮುಚ್ಚಿಗೆಯ ಹಲಗೆಯ ಮೇಲೆ ತೊಟ್ಟಿಕ್ಕುತ್ತದೆ. ಹೆಂಚನ್ನು ಹಾಗೇ ಇಟ್ಟು, ಗಾಳಿಯಾಡುವಷ್ಟು ಎತ್ತರದಲ್ಲಿ ತಗಡಿನ ಇನ್ನೊಂದು ಮಾಡು ನಿಲ್ಲಿಸಿಕೊಂಡವರ ಮನೆಗಳು ಚೆನ್ನಾಗಿವೆ. ಅದನ್ನು ನಾಳೆ ಬಿಚ್ಚಲೂಬಹುದು. ತೊಟ್ಟಿಯ ಮೇಲೆ ಮಾತ್ರ ಪೂರ್ತಿ ಮುಚ್ಚಬೇಡಿ. ಮನೆಯ ನಡುವಿಗೆ ಬೆಳಕು, ಗಾಳಿ ಬರುವುದು ಅಲ್ಲಿಂದ. ಅದು ಮುಚ್ಚಿಹೋದರೆ ಒಳಗೋಡೆಗಳು ಕಾರ್ತಿಕ ಬಂದರೂ ಆರುವುದಿಲ್ಲ.

“ಹಳೆ ಮರವೆಲ್ಲ ಹೋಗಿದೆ, ಬದಲಿಸಲೇಬೇಕು”

ಸೂರಿನ ತುದಿಯ ಪಕಾಸಿ ಕುಂಬಾದರೆ ಇಡೀ ಪಕಾಸಿ ಹೋಗಿದೆ ಎಂದಲ್ಲ. ಒಳ್ಳೆಯ ಆಚಾರಿ ಕೆಟ್ಟ ತುದಿಯಷ್ಟನ್ನೇ ಕತ್ತರಿಸಿ, ಓರೆಯಾಗಿ ಸಂದು ಮಾಡಿ ಹೊಸ ತುಂಡು ಕೂಡಿಸುತ್ತಾನೆ. ಕಂಬದ ಬುಡ ಹೋಗಿದ್ದರೆ ಅಷ್ಟು ತೆಗೆದು ಕಲ್ಲಿನ ಕುಂಭವನ್ನು ಎತ್ತರಿಸಬಹುದು. ನೂರು ವರ್ಷದ ಹಿಂದಿನ ಬೀಟೆ, ಹೊನ್ನೆ, ಹಲಸಿನ ತಿರುಳುಮರ ಇವತ್ತು ದುಡ್ಡು ಕೊಟ್ಟರೂ ಆ ದಪ್ಪದಲ್ಲಿ ಸಿಗುವುದಿಲ್ಲ. ಸಾಗರ, ಸೊರಬದ ಗುಡಿಗಾರರ ಉಳಿ ಹರಿದ ಬೋದಿಗೆಯೋ ಬಾಗಿಲುವಾಡವೋ ಇದ್ದರಂತೂ ಅದನ್ನು ಹಳೆ ಸಾಮಾನಿನ ವ್ಯಾಪಾರಿಗೆ ತೂಕಕ್ಕೆ ಕೊಡುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹಾಗೆ ಕಳಚಿದ ಹಳೆ ಮನೆಗಳನ್ನು ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದು ದೊಡ್ಡ ಕೆಲಸ. ಆದರೆ ಮನೆ ತನ್ನ ನೆಲದಲ್ಲೇ, ಜನ ವಾಸವಿರುವಾಗಲೇ ಉಳಿಯುವುದು ಅದಕ್ಕಿಂತ ಮೇಲು.

ಹೊರಗಿನ ಮರಕ್ಕೆ ಹೊಳೆಯುವ ವಾರ್ನಿಷ್ ದಪ್ಪಗೆ ಬಳಿದರೆ ಅದೂ ಬಿರುಕುಬಿಟ್ಟು ಒಳಗೆ ನೀರು ಹಿಡಿಯುತ್ತದೆ. ಪಕಾಸಿ, ರೀಪುಗಳಿಗೆ ಗೇರೆಣ್ಣೆ ಹಚ್ಚುವ ಹಳೆಯ ಪದ್ಧತಿ ಹುಳುವನ್ನೂ ದೂರವಿಡುತ್ತದೆ.

“ಉಳಿಸುವುದೆಂದರೆ ಏನನ್ನೂ ಮುಟ್ಟಬಾರದು”

ನಮ್ಮ ಹಳೆ ಮನೆಗಳೇ ಇದನ್ನು ಒಪ್ಪುವುದಿಲ್ಲ. ಎಷ್ಟೋ ಮನೆಗಳ ಮಾಡಿಗೆ ಮೊದಲು ಸೋಗೆ, ಹುಲ್ಲಿತ್ತು. ಆಮೇಲೆ ಕುಂಬಾರರ ನಾಡಹೆಂಚು ಬಂತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಘಟ್ಟ ಹತ್ತಿತು. ಇವತ್ತು ನಾವು ಪರಂಪರೆ ಎನ್ನುವ ಕೆಂಪು ಮಾಡು ಒಂದು ಕಾಲದ ಹೊಸ ಸಾಮಾನು. ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯೂ ಜೀರ್ಣೋದ್ಧಾರವಾಗಿಯೇ ಕವಿಮನೆಯೆಂಬ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಕವಲೇದುರ್ಗದ ಅರಮನೆ ನಿವೇಶನಕ್ಕೆ ಹೋದರೆ ಕಲ್ಲಿನ ತಳಪಾಯ, ಕಲ್ಲಿನ ಒಲೆ ಉಳಿದಿವೆ. ಮೇಲಿನ ಮರ, ಮಣ್ಣು, ಮಾಡು ಯಾವುದೂ ಇಲ್ಲ. ವರ್ಷವರ್ಷ ಕೈಯಾಡಿಸುವವರಿಲ್ಲದೆ ಮಲೆನಾಡಿನ ಕಟ್ಟಡ ನಿಲ್ಲುವುದಿಲ್ಲ. ಹಿಂದುಗಡೆ ಬಚ್ಚಲು, ಶೌಚಾಲಯ ಸೇರಿಸಿ, ವೈರಿಂಗ್ ಬದಲಿಸಿ, ಸೋಲಾರ್ ಹಾಕಿಸಿ. ಮಾಡಿನ ಇಳಿಜಾರು, ಸೂರಿನ ಚಾಚು, ಜಗಲಿ, ಗೋಡೆ ಆರುವ ದಾರಿ ಇವಿಷ್ಟಕ್ಕೆ ಪೆಟ್ಟಾಗದಿದ್ದರೆ ಆಯಿತು.

“ಬಣ್ಣ ನಮ್ಮಿಷ್ಟ, ಅದರಿಂದೇನಾಗುತ್ತದೆ?”

ಸುಣ್ಣದ ಮೇಲೆ ಪ್ಲಾಸ್ಟಿಕ್ ಪೇಂಟ್ ನಿಲ್ಲುವುದಿಲ್ಲ, ಹೊಪ್ಪಳೆಯಾಗಿ ಏಳುತ್ತದೆ. ಇನ್ನೊಂದು ನಷ್ಟವೂ ಇದೆ. ಈ ಭಾಗದ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು ಬಳಿದ ಗೋಡೆಯೇ ಹಲಗೆ. ಅಕ್ಕಿಹಿಟ್ಟಿನ ಬಿಳಿಯ ಎಳೆಯನ್ನು ಪುಂಡಿನಾರಿನ ಕುಂಚದಲ್ಲಿ ಎಳೆದಾಗ ಅದು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ನುಣುಪಾದ ಪೇಂಟಿನ ಗೋಡೆ ಬಂದ ಮನೆಗಳಲ್ಲಿ ಚಿತ್ತಾರ ಚೌಕಟ್ಟು ಸೇರಿ ಮೊಳೆಗೆ ತೂಗಿದೆ. ಒಂದು ಗೋಡೆಯನ್ನಾದರೂ ಮಣ್ಣಿನದಾಗಿಯೇ ಉಳಿಸಿಕೊಂಡವರಿಗೆ ನನ್ನ ನಮಸ್ಕಾರ.

“ಸುಣ್ಣದ ಕೆಲಸಕ್ಕೆ ದುಡ್ಡೂ ಜಾಸ್ತಿ, ಸಮಯವೂ ಜಾಸ್ತಿ”

ಸಮಯದ ಮಾತು ನಿಜ. ಸುಣ್ಣವನ್ನು ನೀರಿನಲ್ಲಿ ಕೊಳೆಹಾಕಬೇಕು, ಸುರ್ಕಿಯೋ ಮರಳೋ ಬೆರೆಸಿ ಹದ ಮಾಡಬೇಕು, ತೆಳುವಾಗಿ ಪದರ ಪದರವಾಗಿ ಕೊಡಬೇಕು. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಅದು ಗಟ್ಟಿಯಾಗಲು ವಾರಗಟ್ಟಲೆ ಬೇಕು. ಸುಡುಬಿಸಿಲಿಗೆ ಬೇಗ ಆರಿದರೆ ಉದುರುತ್ತದೆ, ಮಳೆಗೆ ಸಿಕ್ಕರೆ ಕರಗುತ್ತದೆ. ಅದಕ್ಕೆ ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರವರಿ. ಆದರೆ ಅದೇ ತಿಂಗಳುಗಳಲ್ಲಿ ಕೊನೆಕೊಯ್ಲು. ಆಳು, ಮನೆಯವರು ಎಲ್ಲರೂ ಅಡಿಕೆಯ ಹಿಂದೆ. ಗೋಡೆಯ ಕೆಲಸ ಮೇ ತಿಂಗಳಿಗೆ ಬೀಳುತ್ತದೆ, ಆಗ ಮೇಸ್ತ್ರಿ ಸಿಮೆಂಟ್ ಚೀಲವನ್ನೇ ಬಿಚ್ಚುತ್ತಾನೆ. ಸಿಮೆಂಟ್ ಇಲ್ಲಿ ಗೆದ್ದದ್ದಕ್ಕೆ ಬೆಲೆಗಿಂತ ಈ ಪಂಚಾಂಗವೇ ಹೆಚ್ಚು ಕಾರಣ ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ದಾರಿ ಕೆಲಸವನ್ನು ಒಡೆದುಕೊಳ್ಳುವುದು. ಏಪ್ರಿಲ್, ಮೇನಲ್ಲಿ ಮಾಡು, ಪಕಾಸಿ, ಸೂರು, ನೀರು ಹರಿಯುವ ಕಾಲುವೆ ಮಾತ್ರ ನೋಡಿಕೊಳ್ಳಿ. ಮಾಡು ಸೋರದಿದ್ದರೆ, ಬುಡದಲ್ಲಿ ನೀರು ನಿಲ್ಲದಿದ್ದರೆ ಗೋಡೆ ಇನ್ನೊಂದು ವರ್ಷ ಕಾಯುತ್ತದೆ. ಮಳೆಗಾಲದಲ್ಲಿ ಎರಚಲು ಬಡಿಯುವ ಕಡೆ ಸೋಗೆಯ ತಟ್ಟಿ ಕಟ್ಟಿ. ಗೋಡೆಗಳನ್ನು ಚಳಿಗಾಲಕ್ಕೊಂದರಂತೆ ಹಿಡಿಯಿರಿ, ಮೊದಲು ಮುಂಗಾರಿನ ಗಾಳಿಗೆ ಎದುರಾದ ಪಡುವಣ ಗೋಡೆ, ಮುಂದಿನ ವರ್ಷ ತೆಂಕಣದ್ದು, ಜಗಲಿಯ ಕೆಳಗೆ ಬೆಚ್ಚಗಿರುವ ಮುಂಗೋಡೆ ಕೊನೆಗೆ.