ಮಾಳಿಗೆ ಮೇಲೆ ಬಿದ್ದ ಬೂದಿ

ದೀಪಾವಳಿ ಆದಮೇಲೆ ಮುಧೋಳದ ಕಡೆ ನಮ್ಮೂರಿಗೆ ಹೋಗಿದ್ದೆ. ಮಾಳಿಗೆ ಮೇಲೆ ಒಣಹಾಕಿದ್ದ ಬಿಳಿ ಅಂಗಿ ತುಂಬ ಕರಿ ಚುಕ್ಕಿ. ಒರೆಸಿದರೆ ಮಸಿಯಂತೆ ಹರಡಿತು. "ಒರಸಬ್ಯಾಡೋ, ಜಾಡಸು. ಫ್ಯಾಕ್ಟರಿ ಚಾಲೂ ಆಗ್ಯಾವು" ಅಂದಳು ಅವ್ವ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬಿನ ಹಂಗಾಮು ಬಂತೆಂದರೆ ಅರಿವಿ ಒಳಗೆ, ಕೊಡಕ್ಕೆ ಮುಚ್ಚಳ.

ತಮಾಷೆ ಏನಂದ್ರೆ, ಈ ಬೂದಿ ಹುಟ್ಟುವುದು 'ಹಸಿರು' ವಿದ್ಯುತ್ತಿನಿಂದ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ. ಸಿಪ್ಪೆ ಉಳಿಯುತ್ತದೆ. ಅದನ್ನು ಬಾಯ್ಲರಿನಲ್ಲಿ ಉರಿಸಿ, ಉಗಿಯಿಂದ ಟರ್ಬೈನ್ ತಿರುಗಿಸಿ, ಮಿಕ್ಕ ಕರೆಂಟನ್ನು ಗ್ರಿಡ್‌ಗೆ ಮಾರುತ್ತಾರೆ. ಕಬ್ಬು ಗಾಳಿಯಿಂದ ಹೀರಿಕೊಂಡ ಇಂಗಾಲವೇ ಮತ್ತೆ ಗಾಳಿಗೆ ಹೋಗುವುದರಿಂದ ಇದು ಕಲ್ಲಿದ್ದಲಿಗಿಂತ ವಾಸಿ. ಆ ಲೆಕ್ಕ ಸರಿಯೇ. ಆದರೆ ಸಿಪ್ಪೆಯಲ್ಲಿ ಅರ್ಧದಷ್ಟು ನೀರು. ಪೂರ್ತಿ ಉರಿಯದ ಹಗುರ ಚೂರುಗಳು ಚಿಮಣಿಯಿಂದ ಹಾರುತ್ತವೆ. ಅವನ್ನು ನೀರಿನಿಂದ ಹಿಡಿಯುವ ಸ್ಕ್ರಬ್ಬರ್, ವಿದ್ಯುತ್ ಸೆಳೆತದಿಂದ ಹಿಡಿಯುವ ಇಎಸ್‌ಪಿ ಯಂತ್ರಗಳಿವೆ. ರಾತ್ರಿಯೂ ಸರಿಯಾಗಿ ನಡೆಸಬೇಕು, ಅಷ್ಟೆ.

ಅಂಗಿ ಮೇಲಿನ ಬೂದಿಯಾದರೂ ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವ ಪಿಎಂ 2.5 ಕಣ ಕಾಣುವುದಿಲ್ಲ. ಹೊಲದಲ್ಲಿ ರವದಿ ಸುಟ್ಟಾಗ ಏಳುವ ಹೊಗೆಯ ತುಂಬ ಅದೇ. ಅದನ್ನು ಮೊದಲು ಕುಡಿಯುವವರು ಹೊಲದಂಚಿನ ಗುಡಿಸಲುಗಳಲ್ಲಿರುವ ಕಬ್ಬು ಕಡಿಯುವ ಗ್ಯಾಂಗಿನವರು, ಅವರ ಮಕ್ಕಳು. ಸುಡಬ್ಯಾಡ ಅಂತ ಕಾಕಾನಿಗೆ ಹೇಳಿದೆ. "ಆಳು ಎಲ್ಲಿ ತರ್ಲಿ? ರವದಿ ಪುಡಿ ಮಾಡೋ ಮಶೀನಿನ ಬಾಡಿಗಿ ನೀ ಕೊಡ್ತೀ ಏನು?" ಅಂದ. ಸುಮ್ಮನಾದೆ.

2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿ ಕಾರ್ಯಕ್ರಮ ತಂದಾಗ ಕರ್ನಾಟಕದಿಂದ ಸೇರಿದ್ದು ನಾಲ್ಕೇ ಕಡೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ನಮ್ಮ ಕರೆಂಟು ಗ್ರಿಡ್‌ಗೆ ಬೇಕು, ನಮ್ಮ ಗಾಳಿ ಪಟ್ಟಿಗೆ ಬೇಡ.

ನನ್ನ ಕೆಲಸ ಸಾಫ್ಟ್‌ವೇರ್, ಹಾಗಾಗಿ ಒಂದು ಮಾತು. ಸಕ್ಕರೆ ಸೇರಿ 17 ಬಗೆಯ ಕಾರ್ಖಾನೆಗಳು ಮಾಪಕ ಕೂಡಿಸಿ, ಅಂಕಿಗಳನ್ನು ಆನ್‌ಲೈನಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕೆಂದು 2014ರಲ್ಲೇ ಕೇಂದ್ರ ಮಂಡಳಿ ಸೂಚಿಸಿದೆ. ಅವೇ ಅಂಕಿಗಳನ್ನು ಪಂಚಾಯ್ತಿ ಮುಂದಿನ ಬೋರ್ಡಿನಲ್ಲಿ ಕನ್ನಡದಲ್ಲಿ ತೋರಿಸುವುದು ವಾರದ ಕೆಲಸವೂ ಅಲ್ಲ. ಅವ್ವನಿಗೆ ಇದನ್ನೆಲ್ಲ ವಿವರಿಸಿದೆ.

"ರಾತ್ರಿದೂ ತೋರಸ್ತೈತೇನು?" ಅಂತ ಕೇಳಿದಳು.