ರೆಕ್ಕೆಗೆ ಎರವಲು ಗಾಳಿ

ವಿಮಾನವನ್ನು ನೆಲದಿಂದ ಎತ್ತುವುದು ಎಂಜಿನ್ ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯ. ಎಂಜಿನ್ ಅದನ್ನು ಮುಂದಕ್ಕೆ ನೂಕುತ್ತದೆ, ಅಷ್ಟೆ. ಎತ್ತುವ ಕೆಲಸ ರೆಕ್ಕೆಯದು. ಅದೂ ಗಾಳಿ ಅದರ ಮೇಲೆ ವೇಗವಾಗಿ ಹರಿದಾಗ ಮಾತ್ರ. ಗಾಳಿಯಿಲ್ಲದ ದಿನ ಗಾಳಿಪಟ ಏರಿಸಲು ಹುಡುಗರು ಓಡುವುದನ್ನು ನೀವು ಕಂಡಿದ್ದೀರಿ. ವಿಮಾನ ರನ್‌ವೇಯ ಮೇಲೆ ಓಡುವುದೂ ಅದೇ ಕಾರಣಕ್ಕೆ. ಗಾಳಿಯ ವೇಗ 2 ಪಟ್ಟಾದರೆ ಎತ್ತುವ ಬಲ 4 ಪಟ್ಟಾಗುತ್ತದೆ.

ಹಾಗಾದರೆ ಎಂಜಿನ್ ಎಬ್ಬಿಸುವ ಗಾಳಿಯನ್ನೇ ರೆಕ್ಕೆಗೆ ಊದಿ ಓಟವನ್ನು ಮೊಟಕುಗೊಳಿಸಬಾರದೆ? ರೆಕ್ಕೆಯಡಿ ತೂಗುವ ಸಾಮಾನ್ಯ ಜೆಟ್ ಎಂಜಿನ್‌ಗಳ ಉಸಿರು ಕೆಳಗಿನಿಂದಲೇ ಹಿಂದಕ್ಕೆ ಹೋಗಿಬಿಡುತ್ತದೆ. ಬ್ರೇಕು ಹಾಕಿ ಎಷ್ಟು ಗರ್ಜಿಸಿದರೂ ರೆಕ್ಕೆಗೆ ಅದು ದಕ್ಕದು. ರೆಕ್ಕೆಯ ಮುಂದೆ ತಿರುಗುವ ಪ್ರೊಪೆಲ್ಲರಿನ ಗಾಳಿಯಾದರೋ ರೆಕ್ಕೆಯ ಒಂದು ಭಾಗವನ್ನು ಸವರಿಕೊಂಡೇ ಸಾಗುತ್ತದೆ.

ಫ್ರಾನ್ಸಿನ ಲೂಯಿ ಬ್ರೆಗೆ ಈ ವಿಚಾರವನ್ನು ಬೆಂಬತ್ತಿದರು. ಅವರು 1955ರಲ್ಲಿ ತೀರಿಕೊಂಡರು. ಅವರ ಸಂಸ್ಥೆಯ 'ಬ್ರೆಗೆ 941' ವಿಮಾನ 1961ರಲ್ಲಿ ಹಾರಿತು. ಅದರ 4 ದೊಡ್ಡ ಪ್ರೊಪೆಲ್ಲರುಗಳು ಹೆಚ್ಚುಕಡಿಮೆ ಇಡೀ ರೆಕ್ಕೆಗೆ ಗಾಳಿ ಊದುತ್ತಿದ್ದವು. ಹಿಂಬದಿಯ ಫ್ಲ್ಯಾಪ್ ಹಲಗೆಗಳು ಆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತಿದ್ದವು. ವಿಮಾನ ನಿಧಾನವಾಗಿದ್ದರೂ ರೆಕ್ಕೆಗೆ ಬಿರುಗಾಳಿಯೇ!

ನನ್ನನ್ನು ಚಿಂತೆಗೆ ಹಚ್ಚುವುದು ಇದರ ಬೆನ್ನಿಗಿರುವ ಅಪಾಯ. ಬೇರೆ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ ಮೂತಿ ಪಕ್ಕಕ್ಕೆ ಎಳೆಯುತ್ತದೆ. ಓಟದ ವೇಗವಿರುವತನಕ ರೆಕ್ಕೆ ಹೊರುತ್ತಲೇ ಇರುತ್ತದೆ. ಇಲ್ಲಿ ಗಾಳಿಯೇ ಎರವಲಿನದು. ಎಂಜಿನ್ ನಿಂತ ಮಗ್ಗುಲಲ್ಲಿ ಎತ್ತುವ ಬಲವೂ ಕುಸಿದು, ಆ ರೆಕ್ಕೆ ನೆಲದತ್ತ ವಾಲುತ್ತದೆ. ಆಗತಾನೆ ಮೇಲೆದ್ದ ವಿಮಾನಕ್ಕೆ ಸಾವರಿಸಿಕೊಳ್ಳಲು ಎತ್ತರವೆಲ್ಲಿ? ಬ್ರೆಗೆ ಎಂಜಿನಿಯರುಗಳು ರೆಕ್ಕೆಯೊಳಗೆ ಒಂದೇ ದಂಡವನ್ನು ಹಾಯಿಸಿ ನಾಲ್ಕೂ ಪ್ರೊಪೆಲ್ಲರುಗಳನ್ನು ಬೆಸೆದರು. ಒಂದು ಎಂಜಿನ್ ಸತ್ತರೂ ಉಳಿದ 3 ಸೇರಿ ನಾಲ್ಕನ್ನೂ ತಿರುಗಿಸುತ್ತಿದ್ದವು. ಇಷ್ಟು ಜಾಣ ಯಂತ್ರವನ್ನು ಕೊಳ್ಳುವವರೇ ಇರಲಿಲ್ಲವೆನ್ನಬೇಕು. ಫ್ರೆಂಚ್ ವಾಯುಪಡೆಗೆ ಸಿದ್ಧವಾದದ್ದು ನಾಲ್ಕೇ.

ಕೀವ್ ನಗರದ ಆಂಟೊನೊವ್ ಸಂಸ್ಥೆ 1977ರಲ್ಲಿ ಹಾರಿಸಿದ ಎಎನ್-72 ವಿಮಾನದ್ದು ಬೇರೆ ದಾರಿ. ಚಮಚದ ಉಬ್ಬು ಬೆನ್ನನ್ನು ನಲ್ಲಿಯ ಧಾರೆಗೆ ತಾಗಿಸಿ ನೋಡಿ. ನೀರು ಬೆನ್ನಿಗಂಟಿ ಬಾಗಿ ಹರಿಯುತ್ತದೆ. ಹಾಗೆಯೇ ಅದರ ಜೆಟ್ ಉಸಿರು ರೆಕ್ಕೆಯ ಮೇಲ್ಮೈಗೆ ಅಂಟಿ, ಬಾಗಿದ ಫ್ಲ್ಯಾಪಿನಗುಂಟ ಕೆಳಕ್ಕಿಳಿಯುತ್ತದೆ. ಎರಡೂ ಎಂಜಿನ್‌ಗಳು ರೆಕ್ಕೆಯ ಮೇಲೆ, ಒಡಲಿಗೆ ಒತ್ತಿಕೊಂಡಂತಿವೆ. ಒಂದು ಕೆಟ್ಟರೂ ವಾಲುವುದು ಅಷ್ಟರಮಟ್ಟಿಗೆ ಕಡಿಮೆ. ಆ ರೂಪ ಕಂಡು ರಷ್ಯನ್ನರು ಅದಕ್ಕೆ ತಮ್ಮ ಮಕ್ಕಳ ಕಥೆಯ ದೊಡ್ಡ ಕಿವಿಯ ಪ್ರಾಣಿ 'ಚೆಬುರಾಷ್ಕಾ'ದ ಹೆಸರಿಟ್ಟರು.